ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ: ಒಂದು ಉಪಚುನಾವಣೆಯ ಆಚೆ ಈಚೆ

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಇಂದಿರಾ ಗಾಂಧಿಯವರ ಹೆಸರು. ಆ ಕಥೆಯನ್ನು ನಾನೂ ಹೇಳುತ್ತೇನೆ. ಆದರೆ ಆ ಕ್ಷೇತ್ರ ಎಲ್ಲಿಂದ ಎಲ್ಲಿಯವರೆಗೆ ಹರಡಿತ್ತು, ಅಲ್ಲಿ ಯಾರೆಲ್ಲ ಇದ್ದರು ಅನ್ನುವುದು ಗೊತ್ತಿಲ್ಲದಿದ್ದರೆ ಆ ಗೆಲುವು ಅರ್ಥವಾಗುವುದಿಲ್ಲ. ಅದಕ್ಕೇ ಮೊದಲು ನಕ್ಷೆ ನೋಡೋಣ.

1952ರ ಮೊದಲ ಚುನಾವಣೆಯಲ್ಲಿ ಹಾಸನ-ಚಿಕ್ಕಮಗಳೂರು ಅಂತ ಜೋಡಿ ಹೆಸರಿನ ಕ್ಷೇತ್ರವಿತ್ತು. 1967ರಲ್ಲಿ ಚಿಕ್ಕಮಗಳೂರಿಗೆ ತನ್ನದೇ ಸೀಟು ಬಂತು. ಆಗ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು. ಇದು ಹುಟ್ಟಿನಿಂದಲೇ ಕಾಂಗ್ರೆಸ್ಸಿನ ಕೋಟೆ ಅನ್ನುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು. ಮಲೆನಾಡಿನ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ. ಬಯಲಿನ ಕಡೆಗೆ ಕಡೂರು, ಬೀರೂರು, ತರೀಕೆರೆ. ಘಟ್ಟದ ಕೆಳಗೆ ಕಾರ್ಕಳ, ಬೆಳ್ತಂಗಡಿ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ. ಊಟ ಬೇರೆ, ಮನೆಮಾತು ಬೇರೆ, ಮಳೆ ಬೇರೆ, ಜಿಲ್ಲೆಯೂ ಬೇರೆ. ಸಂಸದರು ಮಾತ್ರ ಒಬ್ಬರೇ. ತುಳು ಮಾತಾಡುವ ಗೇಣಿದಾರ, ಎಸ್ಟೇಟಿನ ಲೈನ್ ಮನೆಯ ಕೂಲಿಯಾಳು, ಕಡೂರಿನ ರಾಗಿ ಬೆಳೆಗಾರ ಮೂವರೂ ಒಂದೇ ಮತಪತ್ರಕ್ಕೆ ಮುದ್ರೆ ಒತ್ತುತ್ತಿದ್ದರು.

ಇಲ್ಲಿ ಭೂಸುಧಾರಣೆಯ ಮಾತು ಬರಲೇಬೇಕು. ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ಉಳುವವನಿಗೇ ಭೂಮಿ ಕೊಡುವ ಕಾಯ್ದೆಯನ್ನು 1974ರಲ್ಲಿ ಗಟ್ಟಿ ಮಾಡಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಯಾವ ಸರ್ವೆ ನಂಬರು, ಎಷ್ಟು ವರ್ಷದ ಸಾಗುವಳಿ, ಯಾರಿಗೆ ಗೇಣಿ ಕೊಡುತ್ತಿದ್ದರು, ಎಲ್ಲವನ್ನೂ ಹೇಳಬೇಕು. ಧಣಿಯ ಎದುರು ತಲೆ ಎತ್ತದಿದ್ದವರು ಅಲ್ಲಿ ಧಣಿಯ ಎದುರೇ ನಿಂತು ಮಾತಾಡಿದರು. ಗೇಣಿ ಹೆಚ್ಚಿದ್ದ ಕರಾವಳಿ ತಾಲೂಕುಗಳಲ್ಲಿ ಇದರ ಪರಿಣಾಮ ಬಹಳ ಜಾಸ್ತಿ. ಕಾಫಿ ತೋಟಗಳು ಮಾತ್ರ ಭೂಮಿತಿಯ (ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿಯ) ಹೊರಗೇ ಉಳಿದವು. ಹಾಗಾಗಿ ಘಟ್ಟದ ಕೆಳಗೆ ಆದ ಬದಲಾವಣೆ ಮೇಲಿನ ಎಸ್ಟೇಟುಗಳಲ್ಲಿ ಆಗಲಿಲ್ಲ.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ರಾಯಬರೇಲಿಯಲ್ಲಿ ಇಂದಿರಾ ಅವರೇ ರಾಜ್ ನಾರಾಯಣ್ ಎದುರು ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಬಂತು. ಚಿಕ್ಕಮಗಳೂರಿನಲ್ಲಿ ಗೆದ್ದಿದ್ದವರು ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಅವರು ರಾಜೀನಾಮೆ ಕೊಟ್ಟು ಇಂದಿರಾ ಅವರಿಗೆ ಸೀಟು ಬಿಟ್ಟುಕೊಟ್ಟರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಮಾಜಿ ಮುಖ್ಯಮಂತ್ರಿ, ಅಷ್ಟು ಸುಲಭದ ಅಭ್ಯರ್ಥಿ ಅಲ್ಲ. ಅವರ ಪರ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದರು. ಕಾಂಗ್ರೆಸ್ ಒಡೆದು ಹೋಗಿದ್ದರಿಂದ ಹಸು-ಕರುವಿನ ಗುರುತೂ ಹೋಗಿತ್ತು. ಹಸ್ತ ಆಗಿನ್ನೂ ಹೊಸದು. ಕೊನೆಗೆ ಇಂದಿರಾ ಗೆದ್ದದ್ದು 77 ಸಾವಿರಕ್ಕೂ ಹೆಚ್ಚು ಮತಗಳಿಂದ.

ಈ ಗೆಲುವನ್ನು ಬರೀ ಅವರ ವರ್ಚಸ್ಸಿಗೆ ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ. ನ್ಯಾಯಮಂಡಳಿಯಲ್ಲಿ ನೆಲ ಪಡೆದವರು, ಇನ್ನೂ ತೀರ್ಪಿಗೆ ಕಾಯುತ್ತಿದ್ದವರು, ಕೂಲಿ ಮಾಡಿ ಬದುಕುತ್ತಿದ್ದವರು ತಮ್ಮ ಲೆಕ್ಕ ಹಾಕಿಯೇ ಮತ ಹಾಕಿದರು. ಅವರನ್ನು ಸುಮ್ನೆ ಅಲೆಯಲ್ಲಿ ಕೊಚ್ಚಿಹೋದವರು ಅಂದರೆ ಅನ್ಯಾಯ ಆಗುತ್ತದೆ, ಅಲ್ವಾ?

ಆಮೇಲಿನದ್ದು ಜಾಸ್ತಿ ಜನ ಮರೆತಿರುವ ಭಾಗ. ಮಗ ಸಂಜಯ್ ಗಾಂಧಿಯ ಮಾರುತಿ ಕಾರು ಕಂಪನಿಯ ಬಗ್ಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಹಿಂದೆ ಅಡ್ಡಿ ಮಾಡಿದ್ದರು ಅನ್ನುವ ಹಕ್ಕುಚ್ಯುತಿ ಆರೋಪದ ಮೇಲೆ 1978ರ ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಹೊರಹಾಕಿತು. ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲು. ಆರೋಪದ ಸರಿ ತಪ್ಪು ಏನೇ ಇರಲಿ, ಇಲ್ಲಿನ ಮತದಾರರು ಆರಿಸಿದ ಪ್ರತಿನಿಧಿ ಎರಡು ತಿಂಗಳೂ ಸದನದಲ್ಲಿ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. 1981ರ ಮೇ ತಿಂಗಳಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದು ಮಾಡಿತು. ಅಷ್ಟರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗಿದ್ದರು, ವೀರೇಂದ್ರ ಪಾಟೀಲರು ಅವರ ಸಂಪುಟ ಸೇರಿದ್ದರು, ದೇವರಾಜ ಅರಸು ಇಂದಿರಾ ಅವರಿಂದ ದೂರವಾಗಿದ್ದರು.

ಮುಂದಿನ ವರ್ಷಗಳಲ್ಲಿ ಡಿ.ಎಂ. ಪುಟ್ಟೇಗೌಡ, ಡಿ.ಕೆ. ತಾರಾದೇವಿ, ಬಿ.ಎಲ್. ಶಂಕರ್ ಗೆದ್ದರು. 1998ರಿಂದ ಸತತ ಮೂರು ಬಾರಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ. ಕಾಂಗ್ರೆಸ್ಸನ್ನು ಕೈಹಿಡಿದ ಕ್ಷೇತ್ರ ಇಪ್ಪತ್ತು ವರ್ಷಗಳಲ್ಲಿ ಪೂರ್ತಿ ಮಗ್ಗುಲು ಬದಲಿಸಿತ್ತು.

2001ರ ಜನಗಣತಿಯ ಆಧಾರದಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಗಡಿಗಳನ್ನು ಹೊಸದಾಗಿ ಎಳೆಯಿತು. 2009ರ ಲೋಕಸಭಾ ಚುನಾವಣೆಗೆ ಹಳೆಯ ಚಿಕ್ಕಮಗಳೂರು ಕ್ಷೇತ್ರ ಇರಲಿಲ್ಲ, ಹಳೆಯ ಉಡುಪಿ ಕ್ಷೇತ್ರವೂ ಇರಲಿಲ್ಲ. ಉಡುಪಿ-ಚಿಕ್ಕಮಗಳೂರು ಅಂತ ಮತ್ತೆ ಜೋಡಿ ಹೆಸರು ಬಂತು. ಕಡೂರು ಹಾಸನಕ್ಕೆ ಹೋಯಿತು. ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ ಸೇರಿತು. ಬೀರೂರು ವಿಧಾನಸಭಾ ಕ್ಷೇತ್ರವಾಗಿಯೂ ಉಳಿಯಲಿಲ್ಲ. ಜನಸಂಖ್ಯೆ ಸರಿದೂಗಿಸಲು ಇಂಥ ಬದಲಾವಣೆ ಬೇಕು, ನಿಜ. ಆದರೆ ಕಡೂರಿನವರ ಕಚೇರಿ ಕೆಲಸವೆಲ್ಲ ಚಿಕ್ಕಮಗಳೂರಿನಲ್ಲಿ, ಸಂಸದರು ಹಾಸನದವರು. ಹೊಸ ಗಡಿ ಎಳೆಯುವಾಗ ಜನರ ಓಡಾಟಕ್ಕೆ ಇನ್ನೂ ಹೆಚ್ಚು ಬೆಲೆ ಕೊಡಬೇಕಿತ್ತು ಅಂತ ನನಗೆ ಅನಿಸುತ್ತದೆ.

ಕೊನೆಯದಾಗಿ ಒಂದು ಕೋರಿಕೆ. 1978ರಲ್ಲಿ ಮತ ಹಾಕಲು 21 ವರ್ಷ ತುಂಬಿರಬೇಕಿತ್ತು. ಅಂದಿನ ಅತಿ ಕಿರಿಯ ಮತದಾರರೂ ಈಗ 65 ದಾಟಿದ್ದಾರೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಅಂಥವರಿದ್ದರೆ ಕೂತು ಕೇಳಿ. ಯಾರಿಗೆ ಹಾಕಿದಿರಿ ಅಂತ ಕೇಳಬೇಡಿ. ಯಾವ ಬೂತಿಗೆ ಹೋದರು, ಎಷ್ಟು ದೂರ ನಡೆದರು, ಆಗ ಜಮೀನು ಯಾರ ಹೆಸರಲ್ಲಿತ್ತು ಅಂತ ಕೇಳಿ, ಬರೆದಿಡಿ.