ಮುರಿಯದೆ ಬಲ ಅಳೆಯುವುದು

ಕೇಳುಗರಿಗೆ ನಮಸ್ಕಾರ.

ಉಕ್ಕಿನ ಬಲ ಎಷ್ಟೆಂದು ಖಚಿತವಾಗಿ ತಿಳಿಯಲು ಅದನ್ನು ತುಂಡಾಗುವವರೆಗೆ ಎಳೆದು ನೋಡಬೇಕು. ಆದರೆ ನಾಳೆ ಯಂತ್ರದಲ್ಲಿ ಕೂರಬೇಕಾದ ಶಾಫ್ಟನ್ನೇ ತುಂಡರಿಸಲಾದೀತೇ? ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. 10 ಮಿಲಿಮೀಟರ್ ವ್ಯಾಸದ ಗಡಸು ಗುಂಡನ್ನು 3000 ಕಿಲೋ ಭಾರದಿಂದ ಲೋಹದ ಮೇಲೆ ಹತ್ತು ಹದಿನೈದು ಸೆಕೆಂಡು ಒತ್ತಬೇಕು. ಉಳಿಯುವ ಪುಟ್ಟ ಗುಳಿಯ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು. ಗುಳಿ 4 ಮಿಲಿಮೀಟರ್ ಇದ್ದರೆ ಬ್ರಿನೆಲ್ ಅಳತೆಯಲ್ಲಿ ಗಡಸುತನ 229. ಸಾಮಾನ್ಯ ಉಕ್ಕಾದರೆ ಅದನ್ನು ಸುಮಾರು ಮೂರೂವರೆಯಿಂದ ಗುಣಿಸಿ. ಕರ್ಷಣ ಸಾಮರ್ಥ್ಯ, ಅಂದರೆ ತುಂಡಾಗದೆ ಎಳೆತ ತಾಳುವ ಬಲ, 800 ಮೆಗಾಪ್ಯಾಸ್ಕಲ್‌ನ ಆಸುಪಾಸಿನಲ್ಲಿ ಸಿಗುತ್ತದೆ. ಗುಂಡು ಇಳಿಯಬೇಕಾದರೂ ಸರಳು ಹಿಗ್ಗಬೇಕಾದರೂ ಲೋಹ ತನ್ನ ಜಾಗ ಬಿಟ್ಟು ಸರಿಯಲೇಬೇಕು. ಎರಡೂ ಲೆಕ್ಕ ಒಂದಕ್ಕೊಂದು ಹೊಂದುವುದು ಅದಕ್ಕೇ.

ನಮ್ಮ ರೈಲು ಹಳಿಗಳನ್ನೇ ನೋಡಿ. 880 ದರ್ಜೆಯ ಹಳಿ ಎಂದರೆ ಕನಿಷ್ಠ 880 ಮೆಗಾಪ್ಯಾಸ್ಕಲ್ ತಾಳುವ ಉಕ್ಕು. ಅದರ ಗಡಸುತನ 260ರ ಸುತ್ತಮುತ್ತ. ಗುಣಿಸಿ ನೋಡಿದರೆ ಲೆಕ್ಕ ಕೂಡಿಬರುತ್ತದೆ.

ಆದರೂ ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವುದು ಅಪಾಯ ಎಂದು ನಾನು ಒತ್ತಿ ಹೇಳುತ್ತೇನೆ. ಮೇಲ್ಮೈಯನ್ನಷ್ಟೇ ಗಡಸುಗೊಳಿಸಿದ ಗಿಯರಿನ ಒಳತಿರುಳು ಮೆದುವಾಗಿರುತ್ತದೆ. ಹಲ್ಲಿನ ಮೇಲೆ ಒತ್ತಿದ ಸಂಖ್ಯೆ ತಿರುಳಿನ ಬಲವನ್ನು ಹೇಳುವುದಿಲ್ಲ. ಬೀಡು ಕಬ್ಬಿಣಕ್ಕೆ ಉಕ್ಕಿನ ಗುಣಕ ಹೊಂದುವುದೇ ಇಲ್ಲ. ಕೈಯಲ್ಲಿ ಹಿಡಿದು ಬಳಸುವ ಲೀಬ್ ಉಪಕರಣ, ಮೇಲ್ಮೈಗೆ ಬಡಿದ ಪುಟ್ಟ ತುಂಡು ಎಷ್ಟು ವೇಗದಲ್ಲಿ ಪುಟಿಯುತ್ತದೆ ಎಂದು ಅಳೆಯುತ್ತದೆ. ತೆಳು ತಗಡಿನ ಮೇಲೆ ಅದನ್ನಿಟ್ಟರೆ ತಗಡೇ ಅದುರಿ ಅಳತೆ ಕೆಡುತ್ತದೆ. ವರದಿಯಲ್ಲಿ ಎಲ್ಲಿ ಒತ್ತಿದರು, ಮೇಲ್ಮೈಯನ್ನು ಹೇಗೆ ಉಜ್ಜಿ ನಯಗೊಳಿಸಿದರು ಎಂಬುದು ಇಲ್ಲದಿದ್ದರೆ ದಯವಿಟ್ಟು ಕೇಳಿ ಬರೆಸಿಕೊಳ್ಳಿ.

ಇನ್ನು ಬಿರುಕು. ಒಡಲಲ್ಲಿ ಬಿರುಕಿಟ್ಟ ಹಳಿಯೂ ಮೇಲೆ ಅದೇ 260 ತೋರಿಸೀತು. ಅದನ್ನು ಹಿಡಿಯಲು ಶ್ರವಣಾತೀತ ಧ್ವನಿ, ಅಂದರೆ ಕಿವಿಗೆ ಕೇಳದ ಧ್ವನಿ ಬೇಕು; ಅದು ಬಿರುಕಿಗೆ ಬಡಿದು ಮರಳಿ ಬರುತ್ತದೆ. ಹಳಿಯ ಮೇಲೆ ನೀರು ಹರಿಸುತ್ತ, ಶೋಧಕಗಳಿರುವ ಪುಟ್ಟ ತಳ್ಳುಗಾಡಿಯನ್ನು ಸಿಬ್ಬಂದಿ ನಡೆಸುತ್ತಾರೆ. ನೀರಿಲ್ಲದಿದ್ದರೆ ನಡುವಿನ ಗಾಳಿಯೇ ಧ್ವನಿಯನ್ನು ತಡೆಯುತ್ತದೆ. ನೇರ ಕೆಳಗಿಳಿಯುವ ಧ್ವನಿ ಅಡ್ಡಲಾಗಿ ಮಲಗಿದ ಬಿರುಕನ್ನು ಕಾಣುತ್ತದೆ. ಹಳಿಯ ತಲೆಯನ್ನು ನಿಲುವಾಗಿ ಸೀಳುವ ಬಿರುಕು ಅದಕ್ಕೆ ಸಿಗದೆ ನುಣುಚಿಕೊಳ್ಳುತ್ತದೆ. ಅದಕ್ಕೆಂದೇ 70 ಡಿಗ್ರಿ ಓರೆಯಲ್ಲಿ ಧ್ವನಿ ಬಿಡುವ ಶೋಧಕವೂ ಅದೇ ಗಾಡಿಯಲ್ಲಿ ಇರುತ್ತದೆ.

ನಮಸ್ಕಾರ.