ಹಮಾಲಿಯಿಂದ ರಿಪೋರ್ಟ್ ಕಾರ್ಡಿನ ತನಕ

ನಮಸ್ಕಾರ. ರೇಡಿಯೊ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ತಾಯಂದಿರಿಗೆ, ಪಕ್ಕದಲ್ಲಿ ಇಂಗ್ಲಿಷ್ ಪದ ಉರು ಹೊಡೆಯುತ್ತಾ ಕೂತ ಮಕ್ಕಳಿಗೆ ಒಂದೇ ಮಾತು ಹೇಳಲು ಬಂದಿದ್ದೇನೆ. ಪದ ಉರು ಹೊಡೆಯಬೇಡಿ, ಪದದ ಬೇರು ಹಿಡಿಯಿರಿ.

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳು ಬಹಳಷ್ಟು ಲ್ಯಾಟಿನ್‌ನಿಂದ ಬಂದವು. ಅದು ಹಿಂದಿನ ರೋಮ್‌ನವರ ಭಾಷೆ. ನಮ್ಮಲ್ಲಿ ಕೈ ಎಂಬ ಒಂದೇ ಪದದಿಂದ ಕೈಚೀಲ, ಕೈಬರಹ, ಕೈಗಡಿಯಾರ ಆಗಿಲ್ವಾ, ಹಾಗೇ.

ಬ್ಯಾಡಗಿಯಲ್ಲಿ 9ನೇ ತರಗತಿಗೆ ಪಾಠ ಮಾಡುವಾಗ ಒಬ್ಬ ಹುಡುಗಿ 'ಎಕ್ಸ್‌ಪೋರ್ಟ್' ಪದವನ್ನು 25 ಸಲ ಬರೆದು ತಂದಿದ್ದಳು. ಸ್ಪೆಲಿಂಗ್ ಒಂದೂ ತಪ್ಪಿಲ್ಲ, ಅರ್ಥ ಕೇಳಿದರೆ ತಲೆ ತಗ್ಗಿಸಿದಳು. ನಿಮ್ಮಪ್ಪ ಏನು ಕೆಲಸ ಮಾಡ್ತಾನವ್ವಾ ಎಂದೆ. "ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡ್ತಾನ್ರಿ ಸರ, ಮೆಣಸಿನಕಾಯಿ ಚೀಲ ಹೊರತಾನ್ರಿ." ನನಗೆ ಅಷ್ಟು ಸಾಕಾಯಿತು. ಬೋರ್ಡಿನ ಮೇಲೆ ದೊಡ್ಡದಾಗಿ ಪೋರ್ಟ್ ಎಂದು ಬರೆದೆ. ಪೋರ್ಟ್ ಅಂದರೆ ಹೊರುವುದು, ನಿಮ್ಮಪ್ಪನ ಕೆಲಸ. ಎಕ್ಸ್ ಅಂದರೆ ಹೊರಗೆ. ಅದೇ ಮೆಣಸಿನಕಾಯಿಯನ್ನು ದೇಶದ ಹೊರಗೆ ಹೊತ್ತುಕೊಂಡು ಹೋದರೆ ಎಕ್ಸ್‌ಪೋರ್ಟ್, ಒಳಗೆ ಹೊತ್ತು ತಂದರೆ ಇಂಪೋರ್ಟ್, ಈ ಕಡೆಯಿಂದ ಆ ಕಡೆಗೆ ಹೊತ್ತರೆ ಟ್ರಾನ್ಸ್‌ಪೋರ್ಟ್. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ, ಜಗತ್ತಿಗೇ ಉದ್ದ ಅದು, ನಮ್ಮ ಗಂಟುಮೂಟೆ ಹೊರುವವನು ಪೋರ್ಟರ್. ಅಷ್ಟರಲ್ಲಿ ಅವಳೇ ಕೈ ಎತ್ತಿದಳು. "ಸರ, ಹಂಗಾದ್ರ ರಿಪೋರ್ಟ್ ಕಾರ್ಡಿನ್ಯಾಗೂ ಹೊರೋದು ಐತೇನ್ರಿ?" ಐತವ್ವಾ! ರಿ ಅಂದರೆ ಹಿಂದಕ್ಕೆ. ಕಂಡ ಸುದ್ದಿಯನ್ನು ಹಿಂದಕ್ಕೆ ಹೊತ್ತು ತಂದರೆ ರಿಪೋರ್ಟ್. ಆ ಪದ ನಾನು ಕಲಿಸಿರಲಿಲ್ಲ ನೋಡಿ, ಅವಳೇ ಹುಡುಕಿಕೊಂಡಳು. 25 ಸಲ ಬರೆದರೂ ತಲೆಗೆ ಹೋಗದ್ದು ಒಂದು ಬೇರಿನಿಂದ ಹೋಯಿತು.

ಆದರೂ ದಿನಕ್ಕೆ 20 ಪದ ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಬಿಟ್ಟುಬಿಡಿ ಅದನ್ನು, ಕೈಮುಗಿದು ಕೇಳುತ್ತೇನೆ. ವಾರಕ್ಕೆ ಒಂದೇ ಒಂದು ಬೇರು ಕೊಡಿ, ಸಾಕು.

ಸಮಯ ಆಗುತ್ತಾ ಬಂತು, ಇನ್ನೆರಡು ಬೇರು ಬೇಗ ಹೇಳಿಬಿಡುತ್ತೇನೆ. ಸ್ಪೆಕ್ಟ್ ಅಂದರೆ ನೋಡುವುದು. ಒಳಹೊಕ್ಕು ನೋಡುವವರು ಇನ್‌ಸ್ಪೆಕ್ಟರ್, ಅಜ್ಜ ಪೇಪರ್ ನೋಡಲು ಹಾಕಿಕೊಳ್ಳುವುದು ಸ್ಪೆಕ್ಟಕಲ್ಸ್. ಡೆಂಟ್ ಅಂದರೆ ಹಲ್ಲು, ನಮ್ಮ ದಂತಕ್ಕೆ ಒಡಹುಟ್ಟಿದ ಪದ. ಹಲ್ಲಿನ ಡಾಕ್ಟರಿಗೆ ಡೆಂಟಿಸ್ಟ್ ಅನ್ನುವುದು ಅದಕ್ಕೇ.

ಮಕ್ಕಳೇ, ಇವತ್ತು ರಾತ್ರಿ ಸಪೋರ್ಟ್ ಪದ ಬಿಡಿಸಿ ನೋಡಿ. ಮೊದಲಿಗೆ ಇರುವುದು ಸಬ್, ಬಾಯಲ್ಲಿ ಸವೆದು ಸಪ್ ಆಗಿದೆ. ಸಬ್ ಅಂದರೆ ಕೆಳಗೆ. ಮುಂದಿನದು ನಿಮಗೇ ಗೊತ್ತು. ನಮಸ್ಕಾರ.