ನಾವು ಆಡುವ ಕವಡೆ ಯಾರ ಮನೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಕೂತು ಸಮುದ್ರದ ಬಸವನಹುಳದ ಮಾತು ಯಾಕೆ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ಕರಾವಳಿ 350 ಕಿಲೋಮೀಟರ್ ದೂರ, ನಿಜ. ಆದರೆ ಆ ಹುಳದ ಚಿಪ್ಪು, ಅಂದರೆ ಕವಡೆ, ಮನೆಯಲ್ಲಿ ಇರುವವರು ಕೈ ಎತ್ತಿ. ನೋಡಿ, ಮುಕ್ಕಾಲು ಸಭೆ!

ನಮ್ಮಜ್ಜಿ ಮಲ್ಲೇಶ್ವರದ ಮನೆಯಲ್ಲಿ ಬೇಸಿಗೆ ಪೂರ್ತಿ ಚೌಕಾಬಾರ ಆಡಿಸುತ್ತಿದ್ದರು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಕವುಚಿ ಬಿದ್ದದ್ದಕ್ಕೆ ಯಾಕಜ್ಜಿ ಜಾಸ್ತಿ ಅಂತ ಕೇಳಿದರೆ, "ಸುಮ್ನೆ ಆಡು" ಅನ್ನುತ್ತಿದ್ದರು.

ಎಷ್ಟೋ ವರ್ಷ ಆದಮೇಲೆ ಲಕ್ಷದ್ವೀಪದಲ್ಲಿ ನೀರು ಇಳಿದ ಹೊತ್ತು, ಮೊಣಕಾಲುದ್ದ ನೀರಲ್ಲಿ, ಹವಳದ ಕಲ್ಲಿನ ಕೆಳಗೆ ಕಪ್ಪು ಗೆರೆಗಳ ಮೆತ್ತನೆಯ ಉಂಡೆಯೊಂದು ಕಂಡಿತು. ಏನೆಂದು ಗೊತ್ತಾಗಲಿಲ್ಲ. ಬೆರಳು ತಾಗಿಸಿದೆ. ಎರಡೂ ಕಡೆಯ ಚರ್ಮ ಮೆಲ್ಲಗೆ ಒಳಗೆ ಸರಿಯಿತು, ನಡುವೆ ಹಳದಿ ಚಿಪ್ಪು ಫಳಫಳ ಅಂತು. ಅಜ್ಜಿಯ ಕವಡೆ! ಕಲ್ಲಿಗೆ ಕವುಚಿ ಕೂತಿತ್ತು. ಅದು ನಡೆಯುವುದೇ ಹಾಗೆ, ಹಲ್ಲಿನ ಸೀಳು ಕೆಳಗೆ, ಪಾದ ಅದರಿಂದ ಹೊರಗೆ. ಅಂದರೆ ಚೌಕದಲ್ಲಿ ನಾಲ್ಕು ಹುಳ ಬೆನ್ನ ಮೇಲೆ ಬಿದ್ದಿರುತ್ತವೆ, ಬಾರದಲ್ಲಿ ನಾಲ್ಕೂ ಕಡಲಲ್ಲಿ ಇದ್ದ ಹಾಗೇ ಕೂತಿರುತ್ತವೆ. ಅಜ್ಜಿಗೆ ಇದನ್ನು ಹೇಳಬೇಕಿತ್ತು, ಅಷ್ಟರಲ್ಲಿ ಅವರು ಇರಲಿಲ್ಲ.

ಆ ಹೊಳಪು ಬರುವುದು ಆ ಚರ್ಮದಿಂದಲೇ. ಅದು ಚಿಪ್ಪಿನ ಮೇಲೆಲ್ಲ ಹೊದ್ದುಕೊಂಡು ಪದರದ ಮೇಲೆ ಪದರ ಕಟ್ಟುತ್ತದೆ, ಪಾಚಿ, ಮರಳು ತಾಗಲು ಬಿಡುವುದಿಲ್ಲ. ಹುಳ ಸತ್ತು ಚಿಪ್ಪು ದಡಕ್ಕೆ ಉರುಳಾಡಿ ಬಂದರೆ ಆ ಹೊಳಪು ಉಳಿಯುವುದಿಲ್ಲ. ಅದಕ್ಕೇ ಹೇಳುತ್ತೇನೆ, ಗ್ರಂಥಿಗೆ ಅಂಗಡಿಯ ಡಬ್ಬದಲ್ಲಿ ಮಿರಮಿರ ಮಿಂಚುವ ಕವಡೆ ಹೆಚ್ಚಾಗಿ ಜೀವ ಇದ್ದಾಗ ಹಿಡಿದದ್ದು.

ಮರಿ ಕವಡೆ ಬೇರೆಯೇ ಥರ, ತೆಳು ಚಿಪ್ಪು, ಸುರುಳಿ ಕಾಣುತ್ತದೆ. ದೊಡ್ಡದಾದಾಗ ಅಂಚು ಒಳಕ್ಕೆ ಮಡಿಚಿ ಹಲ್ಲು ಮೂಡುತ್ತದೆ. ಆಮೇಲೆ ಉದ್ದ ಬೆಳೆಯುವುದಿಲ್ಲ, ದಪ್ಪ ಆಗುತ್ತದೆ. ಎರಡು, ಮೂರು ಸೆಂಟಿಮೀಟರ್, ಅಷ್ಟೇ. ತಿನ್ನುವುದು ಪಾಚಿ. ತಾಯಿ ಮೊಟ್ಟೆ ಇಟ್ಟು ಅದರ ಮೇಲೇ ಕೂರುತ್ತಾಳೆ, ಕೋಳಿ ಥರ.

ಹಣದ ಕಥೆ ದೊಡ್ಡದು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಮೊನೆಟಾ, ಲ್ಯಾಟಿನ್‌ನಲ್ಲಿ ನಾಣ್ಯ, ಅಂತ ಹೆಸರಿಟ್ಟದ್ದೇ ಅದು ದುಡ್ಡಾಗಿತ್ತು ಅಂತ. ಮಾಲ್ಡೀವ್ಸ್‌ನಿಂದ ಬಂಗಾಳಕ್ಕೆ ಹಡಗು ತುಂಬ ಹೋಗುತ್ತಿತ್ತು. ಹದಿನಾಲ್ಕನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ, ಗುಂಡಿಯಲ್ಲಿ ಹಾಕಿ ಮಾಂಸ ಕೊಳೆಯಲು ಬಿಡುತ್ತಿದ್ದರಂತೆ. ನಾವು "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅನ್ನುವಾಗ ಒಂದು ಜೀವದ ಮನೆಯನ್ನೇ ಚಿಲ್ಲರೆ ಮಾಡಿರುತ್ತೇವೆ, ಅಲ್ವಾ? ಮತ್ತೆ ಅದೇ ಮಾತಿಗೆ ಬಂದೆ, ಬರಲೇಬೇಕು.

ಸಮಯ ಆಯ್ತು ಅಂತ ಚೀಟಿ ಬಂತು. ಹವಳದ ಭಾಗ ಬಿಡುತ್ತೇನೆ. ಈ ಎರಡು ಕವಡೆ ಕೈಯಿಂದ ಕೈಗೆ ದಾಟಿಸಿ. ಮಂಕಾದದ್ದು ದಡದಲ್ಲಿ ಸಿಕ್ಕಿದ್ದು, ಮಿಂಚುವುದು ಅಜ್ಜಿಯದು. ಬೆರಳಲ್ಲಿ ಸವರಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.